ಡಯಾಲಿಸಿಸ್ ಕೋಣೆಯ ಸರ

ಕಳೆದ ತಿಂಗಳು ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಒಬ್ಬರು ನಿವೃತ್ತರಾದರು. ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಎಲ್ಲೋ ಇರುವ ಆಸ್ಪತ್ರೆ ಎಂದಷ್ಟೇ ತಿಳಿಯಿರಿ, ಯಾವುದೆಂದು ಬರೆಯುವುದಿಲ್ಲ. ನಾನು ನಿವೃತ್ತ ಮಾಸ್ತರ, ಅವರ ಹಳೆಯ ಪರಿಚಯದವನು. ಎರಡು ಮಾತಾಡಬೇಕೆಂದು ಕರೆದಿದ್ದರು. ಅವರಿಗೆ ರುಮಾಲು ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಪಿಂಚಣಿಯ ಕಾಗದಪತ್ರಗಳೆಲ್ಲ ತಯಾರಾಗಿವೆ ಎಂದು ಕಚೇರಿಯ ಅಧೀಕ್ಷಕರು ಮೈಕಿನಲ್ಲೇ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಳ್ಳೆಯ ಮನುಷ್ಯರು, ಅವರಿಗೆ ಸಲ್ಲಬೇಕಾದದ್ದೇ ಸಂದಿತು.

ಊಟದ ಪಂಕ್ತಿಯನ್ನು ಒಳಗಿನ ಪಡಸಾಲೆಯಲ್ಲಿ ಹಾಕಿದ್ದರು. ನಾನು ಕುಳಿತ ಜಾಗದ ಎದುರಿಗೇ ಡಯಾಲಿಸಿಸ್ ಕೋಣೆ. ಬಾಗಿಲಿಗೆ ಬೀಗ. ಹೋಳಿಗೆ ಬಡಿಸುತ್ತಿದ್ದ ಹುಡುಗಿಯನ್ನು, ಇದೇಕೆ ಮುಚ್ಚಿದೆ ಎಂದು ಕೇಳಿದೆ.

"ಟೆಕ್ನಿಷಿಯನ್ ಇವತ್ತ ಬ್ಯಾರೆ ದವಾಖಾನಿಗೆ ಹೋಗ್ಯಾರ್ರಿ. ಎರಡೂ ಕಡಿ ಅವರೊಬ್ಬರ ನೋಡ್ಕೋತಾರ. ತುಪ್ಪ ಹಾಕ್ಲೇನ್ರಿ?"

ಆ ಕೋಣೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಒಬ್ಬರಿದ್ದರು. ಅವರು ಅಲ್ಲಿಂದ ಕೆಲಸ ಮುಗಿಸಿ ಹೋದ ದಿನ ಹೂವಿರಲಿಲ್ಲ, ಮೈಕಿರಲಿಲ್ಲ. ಅವರು ನಿವೃತ್ತರಾಗುವ ಹಾಗೂ ಇರಲಿಲ್ಲ. ನಿವೃತ್ತಿಯಾಗಬೇಕಾದರೆ ಮೊದಲು ನೇಮಕಾತಿ ಆಗಿರಬೇಕಲ್ಲ.

ಅವರ ಹೆಸರನ್ನೂ ಬರೆಯುವುದಿಲ್ಲ. ಈಗ ಅವರಿಗೆ ಬೇರೆ ಕಡೆ ಒಂದು ಕೆಲಸವಿದೆ, ನನ್ನ ಬರವಣಿಗೆಯಿಂದ ಅದಕ್ಕೆ ಕುತ್ತು ಬರಬಾರದು. ನಾವೆಲ್ಲ ಅವರನ್ನು 'ಡಯಾಲಿಸಿಸ್ ಸರ' ಎನ್ನುತ್ತಿದ್ದೆವು; 'ಸರ್' ಎಂಬುದು ನಮ್ಮ ಬಾಯಲ್ಲಿ 'ಸರ'. ಗೋಗಿ ಎಂಬ ಊರಿನವರು. ತಂದೆ ಊರೂರು ಸುತ್ತಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮ ಅಪ್ಪಟ ಕನ್ನಡ. ಮಗ ಕಲಬುರಗಿಯಲ್ಲಿ ಡಿಪ್ಲೊಮಾ ಓದಿ ಬಂದ ದಿನ ತಂದೆ ಓಣಿಗೆಲ್ಲ ಜಿಲೇಬಿ ಹಂಚಿದ್ದರಂತೆ.

ನನಗೆ ಅವರ ಪರಿಚಯವಾದದ್ದು ಅಕ್ಕನಿಂದ. ನನ್ನ ಅಕ್ಕ ಬಹಳ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ನನ್ನನ್ನು ಓದಿಸಿದವಳು. ಕೊನೆಯ ವರ್ಷಗಳಲ್ಲಿ ನನ್ನ ಜೊತೆಗೇ ಇದ್ದಳು. ಸಕ್ಕರೆ ಕಾಯಿಲೆ ಅವಳ ಎರಡೂ ಕಿಡ್ನಿಗಳನ್ನು ತಿಂದುಹಾಕಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು, ಜೀವ ಇರುವ ತನಕ ಎಂದರು. ನಿವೃತ್ತ ನೌಕರನಾಗಿ ನನಗೆ ಸಿಗುವ ಸೌಲಭ್ಯಗಳಲ್ಲಿ ಹೆಂಡತಿಗೆ ಜಾಗವಿದೆ, ತಂದೆತಾಯಿಗೆ ಇದೆ. ಸಾಕಿ ಬೆಳೆಸಿದ ಅಕ್ಕನಿಗೆ ಇಲ್ಲ. ಕೆಲವು ವಾರ ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಹೋದೆವು. ಅವಳ ಬಂಗಾರದ ಪಾಟಲಿ ಬಳೆಗಳು ಮಾರಿಹೋದವು. ಆಗ ಯಾರೋ, ನಮ್ಮ ಸರ್ಕಾರಿ ದವಾಖಾನೆಯಲ್ಲೇ ಪುಕ್ಕಟೆ ಮಾಡುತ್ತಾರೆ ಎಂದರು.

ನನಗೆ ನಂಬಿಕೆ ಇರಲಿಲ್ಲ. ಪಡಸಾಲೆಯ ತುದಿಯ ಆ ಕೋಣೆಯ ಬಾಗಿಲು ನೂಕಿದಾಗ ಮೊದಲು ಬಂದದ್ದು ಅತ್ತರಿನ ವಾಸನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖ ಕಾಣುವ ಹಾಗೆ ಹೊಳೆಯುವ ಬೂಟು, ಓರೆ ಬೈತಲೆ. ಮದುವೆಗೆ ಹೊರಟವರ ಹಾಗಿದ್ದ ಮನುಷ್ಯ ಯಂತ್ರದ ಮುಂದೆ ಕುಳಿತು ಶಾಲೆಯ ಮಾಸ್ತರನ ಹಾಗೆ ಹಾಜರಿ ಕೂಗುತ್ತಿದ್ದರು. ಮಲಗಿದ್ದ ರೋಗಿಗಳು ಒಬ್ಬೊಬ್ಬರೇ "ಹಾಜರ್ರೀ" ಎನ್ನುತ್ತಿದ್ದರು. ಯಾರಾದರೂ ಸುಮ್ಮನಿದ್ದರೆ ಎದ್ದುಹೋಗಿ ಅವರ ಮುಖ ನೋಡುವರು. ಹಾಸ್ಯದ ಹಾಗೆ ಕಾಣುತ್ತಿದ್ದ ಆ ಹಾಜರಿಯಿಂದ, ಯಾರಿಗೆ ರಕ್ತದೊತ್ತಡ ಇಳಿಯುತ್ತಿದೆ, ಯಾರಿಗೆ ತಲೆ ಸುತ್ತುತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

"ಬರ್ರಿ ಅಕ್ಕಾರ," ಎಂದು ನನ್ನ ಅಕ್ಕನನ್ನು ಕರೆದರು.

"ನಿಮ್ಮವ್ವನ ವಯಸ್ಸಿನಾಕಿ ನಾ. ಅಕ್ಕ ಅಂತೀಯಲ್ಲೋ ಯಪ್ಪಾ," ಎಂದಳು ಅಕ್ಕ.

"ಅವ್ವ ಅಂದ್ರ ನೀವು ಮುದುಕಿ ಆಗ್ತೀರಿ. ಮುದುಕ್ಯಾರಿಗೆ ಸೂಜಿ ಭಾಳ ನೋಯ್ತದ. ಅಕ್ಕ ಅಂತೀನಿ, ಸುಮ್ನ ಕೈ ಚಾಚ್ರಿ."

ಅಕ್ಕ ನಕ್ಕಳು. ಕಾಯಿಲೆ ಗೊತ್ತಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅವಳ ಬಾಯಿ ತುಂಬ ಹರಿತ. ಮಾತಿಗೆ ಮಾತು ಕೊಡುವವರು ಸಿಕ್ಕರೆ ಅರ್ಧ ರೋಗ ಹೋದ ಹಾಗೆ.

ಡಯಾಲಿಸಿಸ್‌ನವರಿಗೆ ನಮ್ಮ ಬೇಸಿಗೆಯಷ್ಟು ದೊಡ್ಡ ಶತ್ರು ಇಲ್ಲ. ಒಳಹೋದ ನೀರು ಹೊರಬರುವ ದಾರಿ ಮುಚ್ಚಿರುತ್ತದೆ, ಹಾಗಾಗಿ ದಿನಕ್ಕೆ ಎರಡು ಲೋಟದಷ್ಟು ಮಾತ್ರ ಕುಡಿಯಬೇಕು. ಹೊರಗೆ ಕಲ್ಲು ಕಾದು ಸಿಡಿಯುವಂಥ ಬಿಸಿಲು. ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಬಂದ ಕೂಡಲೇ ಸರ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಕದ್ದು ಕುಡಿದದ್ದೆಲ್ಲ ಅಲ್ಲಿ ಬಯಲು.

"ಅಕ್ಕಾರ, ಮೂರು ಕೇಜಿ ಹೊತ್ಕೊಂಡ್ ಬಂದೀರಿ. ಏನ್ ಕುಡದ್ರಿ? ಖರೇ ಹೇಳ್ರಿ."

"ಒಂದ್ ಚೂರು ಮಜ್ಜಿಗಿ."

"ಒಂದ್ ಚೂರು ಅಂದ್ರ ಗಡಿಗೀನಾ?"

ಬೈಯುತ್ತಿದ್ದರು, ನಿಜವಾಗಿ ಬೈಯುತ್ತಿದ್ದರು. ಆದರೆ ಆ ಮಧ್ಯಾಹ್ನವೇ ತಮ್ಮ ಡಬ್ಬಿಯಿಂದ ಮಂಜುಗಡ್ಡೆಯ ಸಣ್ಣ ಚೂರು ತೆಗೆದು ಒಬ್ಬೊಬ್ಬರ ಬಾಯಿಗೂ ಇಡುವರು. "ಚೀಪ್ರಿ, ಕಡಿಬ್ಯಾಡ್ರಿ. ಒಂದು ಚೂರಿಗೆ ಅರ್ಧಾ ತಾಸು ದಾಟ್ತದ." ರಮಜಾನ್ ಉಪವಾಸದಲ್ಲಿ ತಾವು ಒಂದು ಹನಿ ನೀರಿಲ್ಲದೆ ಇದ್ದಾಗಲೂ ಇದನ್ನು ತಪ್ಪಿಸಲಿಲ್ಲ. ಅಕ್ಕ ಒಮ್ಮೆ, "ನಿನಗ ಬಾಯಿ ಒಣಗಂಗಿಲ್ಲೇನು?" ಎಂದು ಕೇಳಿದಳು. "ನಂದು ಸಂಜೀಕ ಮುಗೀತದರಿ. ನಿಮ್ದು ಮುಗಿಯಂಗಿಲ್ಲಲ್ಲ," ಎಂದರು. ಹೇಳಿದ ಮೇಲೆ, ಹಾಗೆ ಹೇಳಬಾರದಿತ್ತು ಎನಿಸಿತೇನೋ, ಯಂತ್ರದ ಕಡೆ ತಿರುಗಿಕೊಂಡರು.

ಅವರಿಗೊಂದು ಹಟವಿತ್ತು. ಏನೇ ಮಾತಾಡಲಿ, 'ನಮ್ಮ ಸರ್ಕಾರದಾಗ', 'ನಮ್ಮ ಡಿಪಾರ್ಟ್‌ಮೆಂಟ್‌ನಾಗ' ಎಂದೇ ಶುರು. ನಿಜ ಏನೆಂದರೆ ಸರ್ಕಾರಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಯಂತ್ರ ಸರ್ಕಾರದ್ದು, ಕೋಣೆ ಸರ್ಕಾರದ್ದು, ರೋಗಿಗಳು ಸರ್ಕಾರದವರು; ನಡೆಸುವ ಗುತ್ತಿಗೆ ಮಾತ್ರ ಒಂದು ಕಂಪನಿಗೆ. ಸರ ಆ ಕಂಪನಿಯ ಹೊರಗುತ್ತಿಗೆ ನೌಕರ. ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿಯ ಒಂದು ಬದಿಯಲ್ಲಿ ಆಸ್ಪತ್ರೆಯ ಹೆಸರು, ಇನ್ನೊಂದು ಬದಿಯಲ್ಲಿ ಕಂಪನಿಯದು. ಆಸ್ಪತ್ರೆಯ ಹೆಸರೇ ಯಾವಾಗಲೂ ಮುಂದೆ ಕಾಣುವ ಹಾಗೆ ಅದನ್ನು ಅಂಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದರು.

ಈ ಹಟದ ಹಿಂದೆ ಒಂದು ಕತೆ ಇದೆ, ಅವರೇ ನಗುತ್ತ ಹೇಳಿದ್ದು. ಹೆಣ್ಣು ನೋಡಲು ಸುರಪುರಕ್ಕೆ ಹೋದಾಗ ಮಾವ ಕೇಳಿದ ಮೊದಲ ಪ್ರಶ್ನೆ, "ನೌಕ್ರಿ ಪಕ್ಕಾ ಹೈ ಕ್ಯಾ?" ಮಗ ಬಾಯಿ ತೆರೆಯುವಷ್ಟರಲ್ಲಿ ತಾಯಿ ಹೇಳಿಬಿಟ್ಟರಂತೆ, "ಸರ್ಕಾರಿ ದವಾಖಾನೆ ಮೇ ಹೈ. ಪಕ್ಕಾ ಹೋ ಜಾತಿ." ಆ 'ಹೋ ಜಾತಿ'ಯ ಮೇಲೆ ಮದುವೆ ಆಯಿತು. ಕಾಯಂ ಆಗಿಬಿಡುತ್ತದೆ ಎಂಬ ಆ ಮಾತನ್ನು ಮಾವ ಮರೆಯಲಿಲ್ಲ. ಪ್ರತಿ ಹಬ್ಬಕ್ಕೆ ಅಳಿಯ ಹೋದಾಗ ಶೀರ್ ಖುರ್ಮಾದ ಬಟ್ಟಲು ಕೈಗೆ ಕೊಟ್ಟು ಕೇಳುವರು, "ಪಕ್ಕಾ ಹುವಾ?"

"ಈಗ ಹಬ್ಬ ಬಂತಂದ್ರ ನನಗ ಚಂದ್ರನಕಿಂತ ಮೊದಲ ನಮ್ಮ ಮಾವನ ಮುಖಾ ಕಾಣ್ತದರಿ," ಎನ್ನುತ್ತಿದ್ದರು.

ಮಗಳು ಹುಟ್ಟಿದ್ದು ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಆ ದಿನವೂ ಅವರು ಕೆಲಸದಲ್ಲೇ ಇದ್ದರು, ಪಡಸಾಲೆಯ ಆ ತುದಿಯಿಂದ ಈ ತುದಿಗೆ ಓಡಿಹೋಗಿ ಮಗುವಿನ ಮುಖ ನೋಡಿ ಬಂದರು. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ, ಬದಲಿ ಮನುಷ್ಯನೂ ಇಲ್ಲ. ಅದೇ ವಾರ ಪಕ್ಕದ ವಾರ್ಡಿನ ಕಾಯಂ ನೌಕರರೊಬ್ಬರು ಹೆಂಡತಿಯ ಬಾಣಂತನಕ್ಕೆ ರಜೆ ಹಾಕಿ ಊರಿಗೆ ಹೋಗಿದ್ದರು. ಇದನ್ನು ಸರ ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ, "ಅವರದು ಹಕ್ಕದರಿ, ತಗೊಳ್ಳಲಿ" ಎಂದರು.

ಆಮೇಲೆ ಸಂಬಳ ನಿಲ್ಲತೊಡಗಿತು. ಮೊದಲು ಒಂದು ತಿಂಗಳು ತಡ, ಆಮೇಲೆ ಎರಡು, ಆಮೇಲೆ ಲೆಕ್ಕ ಹಾಕುವುದನ್ನೇ ಬಿಟ್ಟರು. ಪಿಎಫ್ ಕಡಿತವಾಗುತ್ತಿತ್ತು, ಕಟ್ಟುತ್ತಿರಲಿಲ್ಲ. ರಕ್ತ ಸೋಸುವ ಕೊಳವೆಗಳೂ ಸರಿಯಾಗಿ ಬರುತ್ತಿರಲಿಲ್ಲ. ಹೊರಗಿನ ಅಂಗಡಿಯಿಂದ ತನ್ನಿ ಎಂದು ರೋಗಿಗಳಿಗೆ ಹೇಳಬೇಕಾಗಿ ಬಂತು. ಪುಕ್ಕಟೆ ಎಂದು ಬಂದವರು ಬಸ್ಸಿನ ಹಣಕ್ಕೂ ಕೈ ಬಿಗಿಹಿಡಿಯುವವರು, ಅವರಿಗೆ ಚೀಟಿ ಬರೆದು ಕೊಡುವಾಗ ಸರ ತಲೆ ಎತ್ತುತ್ತಿರಲಿಲ್ಲ. ಬೈಕು ಮಾರಿದರು. ಗೋಗಿಯಿಂದ ಶೇರಿಂಗ್ ಆಟೋದಲ್ಲಿ, ಹತ್ತು ಹನ್ನೆರಡು ಜನರ ನಡುವೆ ಒತ್ತಿಕೊಂಡು ಬರುವರು. ಅಂಗಿಯ ಇಸ್ತ್ರಿ ಮುದುಡಿರುತ್ತಿತ್ತು. ಕೋಣೆಗೆ ಬಂದು ಅಂಗೈಯಿಂದ ಅದನ್ನು ತಿಕ್ಕಿ ತಿಕ್ಕಿ ಸರಿ ಮಾಡಿಕೊಳ್ಳುವರು. ಅತ್ತರಿನ ವಾಸನೆ ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿದಿತ್ತು.

"ಹುಡುಗ ಸೊರಗ್ಯಾನ ನೋಡು," ಎಂದಳು ಒಂದು ದಿನ ಮನೆಗೆ ಬರುವಾಗ. "ನಮ್ಮ ರಕ್ತಾ ತೊಳದು ತೊಳದು ತಾನ ಬಿಳಿಚಿಕೊಂಡಾನ."

ಸುತ್ತಿನ ಆಸ್ಪತ್ರೆಗಳಲ್ಲಿ ಅದೇ ಕಂಪನಿಯ ಕೈಕೆಳಗೆ ಇದೇ ಕೆಲಸ ಮಾಡುತ್ತಿದ್ದ ಟೆಕ್ನಿಷಿಯನ್‌ಗಳೆಲ್ಲ ಸೇರಿ ಇವರನ್ನು ಮುಂದಾಳು ಮಾಡಿದರು. ಮಾತು ಬರುತ್ತದೆ, ಬಟ್ಟೆ ಚೆನ್ನಾಗಿರುತ್ತದೆ, ಸಾಹೇಬರ ಮುಂದೆ ನಿಲ್ಲಬಲ್ಲರು ಎಂದು. ಮೊದಲು ಜಿಲ್ಲೆಯ ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರಿಗೆ ಮನವಿ ಕೊಡೋಣವೆಂದಾಯಿತು. ರೋಗಿಗಳೂ ಜೊತೆಗಿದ್ದರೆ ತೂಕ ಬರುತ್ತದೆ ಎಂದು ನಮ್ಮನ್ನೂ ಕರೆದರು. ಬಸ್ಸು ಹಿಡಿದು ಯಾದಗಿರಿಗೆ ಹೋದೆವು, ಅಕ್ಕ ಕಿಟಕಿ ಪಕ್ಕ ಕುಳಿತು ಬಾಯಾರಿಕೆ ಮರೆಯಲು ಉದ್ದಕ್ಕೂ ಲವಂಗ ಚೀಪುತ್ತ ಬಂದಳು.

ಸಾಹೇಬರು ಒಳ್ಳೆಯ ಮಾತಿನವರು. ಕುರ್ಚಿ ಹಾಕಿಸಿದರು. "ನೋಡ್ರಿ, ನೀವು ಕಂಪನಿ ನೌಕರರು. ನಿಮ್ಮ ಪಗಾರ ಕಂಪನಿ ಕೊಡಬೇಕು. ನಮ್ಮ ಕೈಯಾಗ ಏನಿಲ್ಲ," ಎಂದರು.

"ಕಂಪನಿಯವರು ಸರ್ಕಾರದಿಂದ ಬಿಲ್ಲು ಬಂದಿಲ್ಲ ಅಂತಾರ್ರಿ," ಎಂದರು ಸರ.

"ಅದು ಮ್ಯಾಲಿನ ಹಂತದಾಗ ಅದ."

"ಮ್ಯಾಲೆ ಅಂದ್ರ ಎಲ್ಲಿರಿ ಸಾಹೇಬ್ರ?"

ಸಾಹೇಬರು ಮೇಲೆ ನೋಡಿದರು. ಅಲ್ಲಿ ಫ್ಯಾನು ತಿರುಗುತ್ತಿತ್ತು. ಅಕ್ಕ ಎದ್ದು ನಿಂತಳು. ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದ ಹಾಗೆ ಉಬ್ಬಿದ ತೋಳನ್ನು ಅವರ ಮೇಜಿನ ಮೇಲೆ ಚಾಚಿದಳು. "ಇದನ್ನ ಮುಟ್ಟಿ ನೋಡ್ರಿ ಸಾಹೇಬ್ರ. ಒಳಗ ರಕ್ತಾ ಗುಂಯ್ ಅಂತ ಹರೀತದ. ಈ ಹುಡುಗ ಹೋದಾಗೊಮ್ಮೆ ಮುಟ್ಟಿ ನೋಡ್ತಾನ, ಈ ಮುದುಕಿ ಬದುಕ್ಯಾಳೋ ಇಲ್ಲೋ ಅಂತ. ಅಂವ ನಿಮ್ಮಾಂವ ಅಲ್ಲಂದ್ರ ನಾವು ಯಾರವರು?"

ಸಾಹೇಬರು ಮುಟ್ಟಲಿಲ್ಲ. ಪ್ರಯತ್ನ ಮಾಡುತ್ತೇನೆ ತಾಯಿ ಎಂದರು, ಚಹಾ ತರಿಸಿದರು. ನೀರಿನ ಲೆಕ್ಕ ಮೀರುತ್ತದೆಂದು ಅಕ್ಕ ಕುಡಿಯಲಿಲ್ಲ. ಸರ ಎರಡು ಗುಟುಕಿಗೆ ಕುಡಿದು ಮುಗಿಸಿದರು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂದು ಕಾಣುತ್ತದೆ.

ಒಂದು ತಿಂಗಳು ಕಾದರು. ಏನೂ ಆಗಲಿಲ್ಲ. ಸೋಮವಾರದಿಂದ ಎಲ್ಲ ಕಡೆ ಯಂತ್ರ ಬಂದ್ ಎಂದು ತೀರ್ಮಾನವಾಯಿತು. ಸಂಬಳ ಕೈಗೆ ಬರಬೇಕು, ನೌಕರಿಗೆ ಭದ್ರತೆ ಬೇಕು, ಅಲ್ಲಿಯವರೆಗೆ ಯಾರೂ ಬೀಗ ತೆಗೆಯಬಾರದು.

ಹಿಂದಿನ ಎರಡು ದಿನ ಸರ ಊಟಕ್ಕೂ ಏಳದೆ ಎಲ್ಲರಿಗೂ ಡಯಾಲಿಸಿಸ್ ಮಾಡಿದರು. ಒಬ್ಬೊಬ್ಬರ ಮಂಚದ ಹತ್ತಿರ ಕುಳಿತು, ಸೋಮವಾರದಿಂದ ಇಲ್ಲ, ನೀರು ಬಾಯಿಗೆ ತೋರಿಸಬೇಡಿ, ಉಸಿರು ಹತ್ತಿದರೆ ಕಾಯದೆ ಕಲಬುರಗಿಗೆ ಹೋಗಿ ಎಂದು ತಿಳಿಸಿದರು. ಕೆಲವರು ಅತ್ತರು. ಒಬ್ಬರು ಬೈದರು. ಅಕ್ಕನ ಹತ್ತಿರ ಬಂದಾಗ ಅವಳ ಕೈಯ ಪಟ್ಟಿಯನ್ನೇ ಮತ್ತೆ ಮತ್ತೆ ಸರಿಮಾಡುತ್ತ ಕುಳಿತರು.

ಅವಳೇ ಹೇಳಿದಳು. "ಬಂದ್ ಮಾಡೋ ಯಪ್ಪಾ. ನಾ ಹ್ಯಾಂಗೂ ಹೋಗಾಕಿ. ನೀ ಇನ್ನಾ ಬಾಳಬೇಕಾದಾಂವ. ಒಮ್ಮೆ ಕೈ ಎತ್ತಿದ ಮ್ಯಾಲೆ ಇಳಸಬ್ಯಾಡ. ಇಳಿಸಿದ್ರ ಮುಂದ ಯಾರೂ ನಿನ್ನ ಮಾತು ಕೇಳಂಗಿಲ್ಲ."

ಅವರು ಆಗಲಿ ಎಂದು ತಲೆ ಆಡಿಸಿದರು.

ಮುಷ್ಕರದ ಮೂರನೆಯ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಅಕ್ಕನ ಕಾಲು ಬಾತಿತ್ತು, ಡಾಕ್ಟರರನ್ನು ಕೇಳಲು ಹೋಗಿದ್ದೆ. ಹೊರಗೆ ಬೇವಿನ ಮರದ ಕೆಳಗೆ ಸರ ಒಬ್ಬರೇ ತಾಡಪತ್ರಿ ಹಾಸಿಕೊಂಡು ಕುಳಿತಿದ್ದರು, ಹಿಂದೆ ಕೈಬರಹದ ಬ್ಯಾನರು. ಆಗ ಕಕ್ಕೇರಾದಿಂದ ಒಂದು ಟಂಟಂ ಆಟೋ ಬಂತು. ಅದರಿಂದ ಒಬ್ಬ ಗಂಡಸು ತನ್ನ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಕೂಲಿ ಮಾಡುವ ಹೆಂಗಸು, ಮೂವತ್ತು ದಾಟಿರಲಿಲ್ಲ. ಇದೇ ಕೋಣೆಯ ರೋಗಿ. ಎದೆಯಲ್ಲಿ ನೀರು ತುಂಬಿ, ಉಸಿರಾಟ ಗೊರಗೊರ ಎನ್ನುತ್ತಿತ್ತು, ಬಾಯಂಚಿನಲ್ಲಿ ನೊರೆ. ಮುಷ್ಕರದ ಸುದ್ದಿ ಅವಳಿಗೆ ಗೊತ್ತಿತ್ತು. ಕಲಬುರಗಿಗೆ ಹೋಗಲು ಹಣವಿಲ್ಲದೆ ಎರಡು ದಿನ ತಡೆದಿದ್ದಳು. ಡ್ಯೂಟಿ ಡಾಕ್ಟರರು ಓಡಿ ಬಂದು ನೋಡಿ, ಆಂಬುಲೆನ್ಸ್ ಕರೆಸುತ್ತೇನೆ, ಆದರೆ ದಾರಿಯಲ್ಲಿ ಉಳಿಯುವುದಿಲ್ಲ ಎಂದು ನನ್ನ ಕಿವಿಗೂ ಬೀಳುವ ಹಾಗೆ ಹೇಳಿದರು.

ಗಂಡ ಯಾರನ್ನೂ ಬೇಡಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಅವಳ ತಲೆಯನ್ನು ತೊಡೆಗಿಟ್ಟುಕೊಂಡು ಕುಳಿತು, ಮರದ ಕೆಳಗಿದ್ದ ಸರನ ಕಡೆ ಒಮ್ಮೆ ನೋಡಿದ, ಅಷ್ಟೆ.

ಸರ ಎದ್ದರು. ನಳದ ಹತ್ತಿರ ಹೋಗಿ ಮೊಣಕೈವರೆಗೆ ಕೈ ತೊಳೆದುಕೊಂಡರು. ಆ ಕೈ ತೊಳೆಯುವುದು ಬಹಳ ಹೊತ್ತು ನಡೆಯಿತು. ಆಮೇಲೆ ಕಿಸೆಯಿಂದ ಚಾವಿ ತೆಗೆದು ಒಳಗೆ ಹೋದರು.

ಆ ಹೆಂಗಸು ಉಳಿದಳು. ನಾಲ್ಕು ತಾಸಿನ ಮೇಲೆ ಎದ್ದು ಕುಳಿತು ಗಂಡನನ್ನು, ಟಂಟಂಗೆ ದುಡ್ಡು ಕೊಟ್ಟೆಯಾ ಎಂದು ಕೇಳಿದಳು. ಅಷ್ಟರಲ್ಲಿ ಸುದ್ದಿ ಹರಡಿ, ಪಡಸಾಲೆಯಲ್ಲಿ ಇನ್ನೂ ಆರೇಳು ಜನ ಬಂದು ಕುಳಿತಿದ್ದರು. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಸಂಜೆಯ ಹೊತ್ತಿಗೆ ಎಲ್ಲ ಯಂತ್ರಗಳೂ ನಡೆಯುತ್ತಿದ್ದವು.

ಮರುದಿನ ಅಕ್ಕನನ್ನು ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟವಳೇ ಅವರನ್ನು ತರಾಟೆಗೆ ತೆಗೆದುಕೊಂಡಳು. "ಯಾಕ್ ತೆಗದಿ ಬೀಗಾ? ನಾ ಏನ್ ಹೇಳಿದ್ದೆ ನಿನಗ? ಇನ್ನ ನಿನ್ನ ಪಗಾರ ಬಂದಂಗಾ. ಹುಚ್ಚ ಅದಿ ನೀ, ಖೋಡಿ ಅದಿ." ಬೈಯುತ್ತ ಬೈಯುತ್ತಲೇ ಮಂಚದ ಮೇಲೆ ಮಲಗಿ ಕೈ ಚಾಚಿದಳು.

ಸರ ಸೂಜಿ ಚುಚ್ಚಿದರು. ರಕ್ತ ಕೊಳವೆಗೆ ಹರಿಯಲು ಶುರುವಾದ ಮೇಲೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಅವಳು ಹೇಳಿದ್ದೂ ನಿಜ, ಕೈ ಚಾಚಿದ್ದೂ ನಿಜ. ಅದರ ನಾಚಿಕೆ ಅವಳಿಗೆ ಕೊನೆಯವರೆಗೂ ಇತ್ತು.

ಅವಳು ಹೇಳಿದ ಹಾಗೆಯೇ ಆಯಿತು. ಮೇಲಿನವರು ಉಳಿದ ಆಸ್ಪತ್ರೆಗಳಿಗೆ ಫೋನು ಮಾಡಿ, "ಅಲ್ಲಿ ನಿಮ್ಮ ಮುಂದಾಳೇ ಕೆಲಸ ಮಾಡುತ್ತಿದ್ದಾನೆ, ನಿಮಗೇನು ಧಾಡಿ?" ಎಂದರು. ಸೇವೆಗೆ ಯಾವ ತೊಂದರೆಯೂ ಆಗಿಲ್ಲ ಎಂದು ವರದಿ ಹೋಯಿತು. ವಾರದೊಳಗೆ ಮುಷ್ಕರ ಮುರಿಯಿತು. ಶಹಾಪುರದ ಚಹಾದಂಗಡಿಯಲ್ಲಿ ಅವರ ಜೊತೆಗಾರನೊಬ್ಬ ನನ್ನೆದುರಿಗೇ ಹೇಳಿದ: "ನೀ ಒಬ್ಬಾಕಿನ್ನ ಉಳಸಿದಿ. ನಮ್ಮ ಮನಿ ಮಂದೀನ್ನೆಲ್ಲ ಮುಳುಗಿಸಿದಿ. ನಮ್ಮ ದವಾಖಾನ್ಯಾಗೂ ಪೇಶಂಟ್ ಬಂದಿದ್ರು. ನಾವು ಕಣ್ಣು ಮುಚ್ಕೊಂಡು ಕುಂತಿದ್ದಿಲ್ಲೇನು?" ಹಾಗೆಂದು ಅವನು ಅಳತೊಡಗಿದ. ಅವನ ಆಸ್ಪತ್ರೆಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಸರನೂ ಕೇಳಲಿಲ್ಲ. ಮೂವರ ಚಹಾದ ದುಡ್ಡನ್ನೂ ತಾವೇ ಕೊಟ್ಟು ಬಂದರು.

ಕೆಲವು ತಿಂಗಳಿಗೆ ಆ ಕಂಪನಿಯ ಗುತ್ತಿಗೆ ಮುಗಿಯಿತು. ಬಾಕಿ ಸಂಬಳ ಕಂಪನಿಯ ಜೊತೆಗೇ ಹೋಯಿತು. ಹೊಸ ಕಂಪನಿ ಬಂದು, ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕು, ಹಳೆಯ ಸೇವೆ ಲೆಕ್ಕಕ್ಕಿಲ್ಲ ಎಂದಿತು. ಉಳಿದವರನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಂಡರು. ಇವರನ್ನು ಬೇಡವೆಂದರು. ಕಾರಣ, ಮುಷ್ಕರ ಮಾಡಿಸಿದ್ದು ಇವರು.

ಮುಷ್ಕರ ಮಾಡಿದ್ದೂ ಇವರೇ, ಮುರಿದದ್ದೂ ಇವರೇ ಎಂದು ಎರಡೂ ಕಡೆಯವರು ನಂಬಿದರು. ಎರಡಕ್ಕೂ ಶಿಕ್ಷೆ ಒಂದೇ ಮನುಷ್ಯನಿಗೆ.

ಕೊನೆಯ ದಿನ ಹೊಸ ಹುಡುಗನಿಗೆ ಚಾವಿ ಕೊಟ್ಟು, ಯಾರ ನರ ಎಲ್ಲಿ ಸಿಗುತ್ತದೆ, ಯಾರಿಗೆ ಸೂಜಿ ಎಂದರೆ ಭಯ ಎಂದು ಮಂಚ ಮಂಚಕ್ಕೆ ಕರೆದೊಯ್ದು ಹೇಳಿದರು. ಆ ಹುಡುಗನಿಗೆ ಬೇರೆ ಆಸ್ಪತ್ರೆಯನ್ನೂ ವಹಿಸಿದ್ದರು, ದಿನ ಬಿಟ್ಟು ದಿನ ಮಾತ್ರ ಬರುತ್ತಾನೆಂದಾಯಿತು. ಅರ್ಧದಷ್ಟು ರೋಗಿಗಳಿಗೆ ಜಾಗವಿಲ್ಲವಾಯಿತು. ಅಂದು ಬದುಕಿ ಉಳಿದಿದ್ದ ಕಕ್ಕೇರಾದ ಆ ಹೆಂಗಸು ಆಮೇಲೆ ಬರಲಿಲ್ಲ. ಏನಾದಳೆಂದು ಗೊತ್ತಿಲ್ಲ ಎಂದು ಬರೆಯಬಹುದು, ಆದರೆ ಗೊತ್ತಿದೆ.

ಅಕ್ಕನಿಗೆ ವಾರಕ್ಕೆ ಒಂದೇ ಸಲ ಎಂದರು. ಕಲಬುರಗಿಗೆ ಹೋಗೋಣವೆಂದರೆ ಒಪ್ಪಲಿಲ್ಲ. "ನಿನ್ನ ಪಿಂಚಣಿ ನಿನ್ನ ಹೆಂಡ್ರು ಮಕ್ಕಳದು. ನಾ ಅದನ್ನ ಕುಡಿಯಾಕಿ ಅಲ್ಲ," ಎಂದಳು. ಬೇಸಿಗೆ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ತಾನೇ ಎದ್ದುಹೋಗಿ ಗಡಿಗೆಯಿಂದ ತಂಬಿಗೆ ತುಂಬ ನೀರು ತೆಗೆದುಕೊಂಡು, ಪಡಸಾಲೆಯಲ್ಲಿ ಕುಳಿತು ನಿಧಾನವಾಗಿ, ಪೂರ್ತಿ ಕುಡಿದಳು. ನಾನು ನೋಡುತ್ತ ನಿಂತಿದ್ದೆ. "ಎಷ್ಟು ತಣ್ಣಗದನೋ ತಮ್ಮಾ," ಎಂದಳು. ಎರಡು ದಿನಕ್ಕೆ ತೀರಿಕೊಂಡಳು.

ಸುದ್ದಿ ಯಾರಿಂದ ಹೋಯಿತೋ, ಮುಂದಿನ ಭಾನುವಾರ ಸರ ನಮ್ಮ ಮನೆಗೆ ಬಂದರು. ಅಂಗಿಗೆ ಇಸ್ತ್ರಿ ಇತ್ತು. ಮೈ ಸ್ವಲ್ಪ ತುಂಬಿಕೊಂಡಿದ್ದರು. ಅಕ್ಕ ಕೂಡುತ್ತಿದ್ದ ಜಾಗದ ಎದುರು ಚಾಪೆಯ ಮೇಲೆ ಕುಳಿತರು. ಈಗ ಎಲ್ಲಿದ್ದೀರಿ ಎಂದು ನಾನೇ ಕೇಳಿದೆ.

"ಕಲಬುರಗ್ಯಾಗ್ರಿ. ಪ್ರೈವೇಟ್ ಸೆಂಟರ್. ಹೆಂಡ್ತಿ ಮಗಳನ್ನೂ ಅಲ್ಲೇ ಕರ್ಕೊಂಡ್ ಹೋಗೇನಿ."

"ಪಗಾರ ಸರಿಯಾಗಿ ಕೊಡ್ತಾರೇನು?"

"ಒಂದನೇ ತಾರೀಖಿಗೆ ಬರ್ತದರಿ. ಪಿಎಫ್ ಕಟ್ತಾರ. ವಾರಕ್ಕ ಒಂದು ರಜಾ ಅದ."

"ಚಲೋ ಆತು ಬಿಡ್ರಿ."

"ಹೌದ್ರಿ." ಚಾಪೆಯ ಮಡಚಿದ ಅಂಚನ್ನು ಅಂಗೈಯಿಂದ ಸರಿಮಾಡಿದರು. "ಅಲ್ಲಿ ಒಂದು ರೂಲ್ ಅದರಿ ಸರ. ಕೌಂಟರ್‌ನಾಗ ರೊಕ್ಕಾ ಕಟ್ಟಿ ರಸೀದಿ ತರೋತನಕ ಪೇಶಂಟಿಗೆ ಕೈ ಹಚ್ಚಂಗಿಲ್ಲ. ಹೋದ ತಿಂಗಳ ಒಬ್ಬ ಹುಡುಗಿ ಅವರಪ್ಪನ್ನ ಕರ್ಕೊಂಡ್ ಬಂದಿದ್ಲು. ಮುದುಕಗ ಉಸಿರು ಹತ್ತಿತ್ತು. ರೊಕ್ಕಾ ಕಮ್ಮಿ ಬಿತ್ತು. ಆಕಿ ಕೌಂಟರ್‌ನಾಗ ಮಾತಾಡಿದ್ಲು, ಮತ್ತ ನನ್ನ ಕಡಿ ಬಂದ್ಲು, ಮತ್ತ ಕೌಂಟರ್‌ಗೆ ಹೋದ್ಲು. ಮಶೀನು ತಯಾರಿತ್ತು. ನಾ ಬಾಜೂಕ ಸ್ಟೂಲಿನ ಮ್ಯಾಲೆ ಕುಂತಿದ್ದೆ."

ನಾನು ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದೆ.

"ಏಳಲಿಲ್ರಿ ನಾ. ಈ ಸಲ ಏಳಲಿಲ್ಲ. ಆಕಿ ಅವರಪ್ಪನ್ನ ಹಿಡ್ಕೊಂಡು ಮೆಟ್ಟಲಾ ಇಳದು ಹೋದ್ಲು."

ನನ್ನ ಹೆಂಡತಿ ಚಹಾ ತಂದಿಟ್ಟಳು. ಅವರು ಬಟ್ಟಲನ್ನು ಕೈಗೆತ್ತಿಕೊಂಡರು.

"ಅವತ್ತ ಒಂದನೇ ತಾರೀಖ ಇತ್ತು. ಪಗಾರ ಬಂತು. ಮನಿಗಿ ಹೋಗೋಮುಂದ ಮಟನ್ ತಗೊಂಡ್ ಹೋದೆ. ನಮ್ಮಾಕಿ ಬಿರಿಯಾನಿ ಮಾಡಿದ್ಲು, ಮಗಳು ಭಾಳ ಖುಷಿಪಟ್ಟಳು. ನಾ ಅನ್ಕೊಂಡಿದ್ದೆರಿ, ತುತ್ತು ಇಳಿಯಂಗಿಲ್ಲ ಅಂತ." ಚಹಾ ಕುಡಿದು ಬಟ್ಟಲನ್ನು ಕೆಳಗಿಟ್ಟರು. "ಇಳೀತು ಸರ. ಹೊಟ್ಟಿ ತುಂಬ ಉಂಡೆ. ನಿದ್ದೀನೂ ಚಲೋ ಬಂತು."